ಮಂಜಿನೊಳಗಿಂದ ಕೇಳಿದ ಮಗ್ಗಿ

ಆ ಚಳಿಗಾಲದಲ್ಲಿ ನಾನು ಮೊದಲು ಹೆದರಿದ್ದು ನನ್ನದೇ ಮುಖಕ್ಕೆ.

ಲಂಡನ್ನಿನ ಎಜ್‌ವೇರ್‌ನ ನಮ್ಮ ಫ್ಲ್ಯಾಟಿನ ಮಲಗುವ ಕೋಣೆಯಲ್ಲೇ ಒಂದು ಮೇಜು ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಎದುರಿಗೆ ಎರಡು ದೊಡ್ಡ ಸ್ಕ್ರೀನು, ಪಕ್ಕದಲ್ಲಿ ಫೋನು. ಗಂಡ ಕತ್ತಲಿರುವಾಗಲೇ ಎದ್ದು ಟ್ಯೂಬ್ ರೈಲು ಹಿಡಿದು ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಶಾಲೆಯಿಂದ ಬಂದವಳೇ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೆಂದರೆ ಇಲ್ಲಿ ರಾತ್ರಿಯೇ. ಬೆಳಗಿನ ಹೊತ್ತೂ ಆಕಾಶ ಒಗೆಯದ ಬಟ್ಟೆಯ ಬಣ್ಣದಲ್ಲಿ ಕಿಟಕಿಗೆ ಒತ್ತಿಕೊಂಡಿರುತ್ತಿತ್ತು. ಎಷ್ಟೋ ದಿನ ನಾನು ಚಪ್ಪಲಿಯನ್ನೇ ಮೆಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೀಟಿಂಗ್ ನಡೆಯುತ್ತಿತ್ತು. ಸ್ಕ್ರೀನಿನ ಮೇಲೆ ಚೌಕಚೌಕವಾಗಿ ಕೂತ ಮುಖಗಳ ನಡುವೆ ಒಬ್ಬಳು ಬಾಯಿ ಅರ್ಧ ತೆರೆದುಕೊಂಡು, ರೆಪ್ಪೆ ಬಡಿಯದೆ ಕೂತಿದ್ದಳು. ಪಾಪ, ಯಾರಿಗೋ ಹುಷಾರಿಲ್ಲ ಅಂದುಕೊಂಡೆ. ಆಕೆ ಬೇರೆ ಯಾರೂ ಅಲ್ಲ, ನಾನೇ ಎಂದು ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದದ್ದೇ ಎದೆ ಹೊಡೆದುಕೊಳ್ಳತೊಡಗಿತು. ಬೆರಳುಗಳಿಗೆ ಜೋಮು ಹಿಡಿಯಿತು. ಕ್ಯಾಮೆರಾ ಆರಿಸಿ, ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತೆ. ಮೇಲೆ ಮೀಟಿಂಗ್ ನಡೆಯುತ್ತಲೇ ಇತ್ತು. ಯಾರೋ ನನ್ನ ಹೆಸರು ಹಿಡಿದು ಏನೋ ಕೇಳಿದರು. ಉತ್ತರ ಬರದಿದ್ದಾಗ ಮುಂದಿನ ವಿಷಯಕ್ಕೆ ಹೋದರು.

ನಮ್ಮ ಬಡಾವಣೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು. ಹೃದಯಕ್ಕೆ ಏನೂ ಆಗಿಲ್ಲ, ಇದು ಗಾಬರಿ ಅಷ್ಟೇ, ಹಗಲಿರುವಾಗ ಹೊರಗೆ ಓಡಾಡಿ, ಸ್ಕ್ರೀನ್ ನೋಡುವುದನ್ನು ಕಡಿಮೆ ಮಾಡಿ ಎಂದರು. ಹೇಳುವುದು ಸುಲಭ. ಫೋನನ್ನು ಪಕ್ಕಕ್ಕಿಟ್ಟರೆ ಇನ್ನೂ ಹೆಚ್ಚು ದಿಗಿಲು. ಶಾಲೆಯಿಂದ ಫೋನ್ ಬಂದರೆ? ಮೈಸೂರಿನಿಂದ ಅಕ್ಕ ಮಾಡಿದರೆ? ಏನೋ ಕೆಟ್ಟದ್ದು ನಡೆದಿದ್ದು ಅದು ನನ್ನೊಬ್ಬಳಿಗೇ ಗೊತ್ತಾಗದೆ ಹೋದರೆ? ಹೀಗಾಗಿ ಮತ್ತೆ ಕೈಗೆತ್ತಿಕೊಳ್ಳುವೆ. ಅಲ್ಲಿ ನೋಡಿದರೆ ಎಲ್ಲೆಲ್ಲಿಯದೋ ಕೆಟ್ಟ ಸುದ್ದಿ. ಓದಿ ಓದಿ ಕಣ್ಣು ಉರಿಯುವವರೆಗೆ ಬೆರಳು ನಿಲ್ಲುತ್ತಿರಲಿಲ್ಲ.

ಎರಡನೇ ಸಲ ಆ ಗಾಬರಿ ಬಂದದ್ದು ಲಿಫ್ಟಿನಲ್ಲಿ. ಕಸದ ಚೀಲ ಹಿಡಿದು ಇಳಿಯುತ್ತಿದ್ದೆ. ಉಸಿರು ಮೇಲೆಯೇ ಸಿಕ್ಕಿಹಾಕಿಕೊಂಡಿತು. ಬಾಗಿಲು ತೆರೆದಾಗ ಎದುರಿಗೆ ನೆಲಮಹಡಿಯ ಆಂಟಿ ನಿಂತಿದ್ದರು. ಧಾರವಾಡದವರು, ಇಲ್ಲಿಯ ಆಸ್ಪತ್ರೆಗಳಲ್ಲಿ ಹೆರಿಗೆ ಡಾಕ್ಟರಾಗಿ ದುಡಿದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅಲ್ಲಿಯವರೆಗೆ ನಮ್ಮ ನಡುವೆ ಹಬ್ಬಕ್ಕೊಂದು ನಮಸ್ಕಾರ, ಅಷ್ಟೇ ಇದ್ದದ್ದು.

"ಯಾಕ ತಂಗಿ, ಮುಖ ಹಿಂಗ್ಯಾಕ ಬಿಳಚಿಕೊಂಡದ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ನಾಡಿ ನೋಡಿದರು. ಬಿಸಿನೀರು ಕುಡಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಾಳೆ ಊಟ ಆದಮ್ಯಾಲ ನನ್ ಜೋಡಿ ಅಡ್ಡಾಡ್ಲಿಕ್ಕೆ ಬಾ. ಫೋನು ಇಲ್ಲೇ ಅಡಗಿಮನಿ ಡ್ರಾದಾಗ ಇಟ್ಟು ಬರಬೇಕು. ನಂದೂ ಇಡ್ತೀನಿ," ಎಂದರು.

"ಏನಾದ್ರೂ ಆದ್ರೆ, ಆಂಟಿ?"

"ಏನಾಗ್ತದ? ನಾ ಇರ್ತೀನಲ್ಲ."

ಮೊದಲ ದಿನಗಳಲ್ಲಿ ನಮ್ಮ ರಸ್ತೆ ದಾಟುವುದೇ ಕಷ್ಟವಾಯಿತು. ಕೈ ತಾನಾಗಿ ಕೋಟಿನ ಜೇಬಿಗೆ ಹೋಗಿ ಖಾಲಿ ಜೇಬನ್ನು ತಡಕಿ ಬರುತ್ತಿತ್ತು. ಹಿಂದೆ ಯಾರಾದರೂ ನಡೆದು ಬಂದರೆ ಬೆನ್ನು ಬಿಗಿಯುತ್ತಿತ್ತು. ಆಂಟಿ ಮಾತ್ರ ಬೇಲಿಯೊಳಗಿನ ಗುಲಾಬಿ ಗಿಡ, ಯಾರದೋ ಮನೆಯ ಬೆಕ್ಕು, ಹೊಸದಾಗಿ ಬಣ್ಣ ಬಳಿದ ಬಾಗಿಲು, ಹೀಗೆ ಒಂದೊಂದನ್ನೇ ತೋರಿಸುತ್ತ ನಡೆಯುವರು. ದಿನ ಕಳೆದಂತೆ ಎದೆ ಸ್ವಲ್ಪ ಹಗುರಾಯಿತು. ರಾತ್ರಿ ನಿದ್ದೆ ಬರತೊಡಗಿತು. ಅದನ್ನು ಕೇಳಿದ್ದೇ ಆಂಟಿಗೆ ಹುರುಪು. "ನಡಿ, ನಾಳೆ ಸ್ಟ್ಯಾನ್ಮೋರ್ ಕಾಡಿಗೆ ಹೋಗೂಣು," ಎಂದರು.

ಅವತ್ತು ಬಸ್ಸಿಳಿದಾಗ ಬಿಸಿಲಿರಲಿಲ್ಲ, ಆದರೆ ದಾರಿ ಕಾಣುವಷ್ಟು ಬೆಳಕಿತ್ತು. ದೊಡ್ಡ ದೊಡ್ಡ ಒಂಟಿ ಮನೆಗಳ ಸಾಲು ಮುಗಿದ ಕೂಡಲೇ ಮರಗಳು ಶುರುವಾದವು. ಎಲೆ ಉದುರಿದ ಬೋಳು ಮರಗಳು, ಕಾಲಡಿ ಕೊಳೆತ ಎಲೆಯ ಕೆಸರು. ಸುಮಾರು ದೂರ ಒಳಗೆ ಹೋಗಿದ್ದೆವು. ಮಂಜು ಯಾವಾಗ ಇಳಿಯಿತೋ ನಾನು ಗಮನಿಸಲಿಲ್ಲ. ತಿರುಗಿ ನೋಡಿದರೆ ನಾವು ಬಂದ ದಾರಿ ಇರಲಿಲ್ಲ. ಹತ್ತಿರದ ಮರಗಳಷ್ಟೇ ಇದ್ದವು. ಅವುಗಳ ಹಿಂದೆ ಬರೀ ಬಿಳುಪು.

"ಆಂಟಿ, ವಾಪಸ್ ಹೋಗೋಣ."

"ಹೂಂ, ನಡಿ," ಎಂದು ತಿರುಗಿದವರು ಕೆಸರಿನೊಳಗೆ ಹುದುಗಿದ್ದ ಬೇರಿಗೆ ಎಡವಿದರು. ಒಣ ಕಡ್ಡಿ ಮುರಿದಂಥ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾಲಡಿ ಯಾವುದೋ ಕಡ್ಡಿಯೇ ಮುರಿದಿರಲಿ ಎಂದು ಬೇಡಿಕೊಂಡೆ. ಆದರೆ ಪಾದ ತಿರುಗಿಕೊಂಡಿದ್ದ ರೀತಿ ಬೇರೆಯೇ ಹೇಳುತ್ತಿತ್ತು.

ಆಂಟಿ ಹಲ್ಲು ಕಚ್ಚಿಕೊಂಡು ತಮ್ಮ ಕಾಲನ್ನು ತಾವೇ ಮುಟ್ಟಿ ನೋಡಿದರು. "ಮುರದದ. ಎಬ್ಬಿಸಬ್ಯಾಡ ನನ್ನ," ಎಂದರು. ನಾನು ಕೂಗಿದೆ. ಕನ್ನಡದಲ್ಲಿ ಕೂಗುತ್ತಿದ್ದೇನೆ ಎಂದು ತಿಳಿದ ಮೇಲೆ ಇಂಗ್ಲಿಷಿನಲ್ಲಿ ಕೂಗಿದೆ. ಯಾರೂ ಓಗೊಡಲಿಲ್ಲ. ಇಬ್ಬರ ಫೋನೂ ಎಜ್‌ವೇರ್‌ನಲ್ಲಿ, ಆಂಟಿಯ ಡ್ರಾದಲ್ಲಿ ಚಮಚಗಳ ಪಕ್ಕದಲ್ಲಿ ಬಿದ್ದಿದ್ದವು. ಬೆಳಕು ಕಣ್ಣೆದುರಿಗೇ ಕಡಿಮೆಯಾಗುತ್ತಿತ್ತು. ಆಂಟಿಯ ತುಟಿಗಳು ನಡುಗುತ್ತಿದ್ದವು. ನನ್ನ ಕೋಟು ಬಿಚ್ಚಿ ಅವರಿಗೆ ಹೊದಿಸಿದೆ.

"ನೀ ಹೋಗಿ ಯಾರನ್ನರ ಕರಕೊಂಡು ಬಾ. ಮನಿಗಳು ಭಾಳ ದೂರ ಇಲ್ಲ."

"ನಿಮ್ಮನ್ನ ಬಿಟ್ಟು ಹೋಗಲ್ಲ. ಮತ್ತೆ ಬಂದಾಗ ಸಿಗದೇ ಹೋದ್ರೆ?"

ಅವರು ಸ್ವಲ್ಪ ಯೋಚಿಸಿದರು. "ನಾ ಮಗ್ಗಿ ಹೇಳಕೋತ ಇರ್ತೀನಿ, ಜೋರಾಗಿ. ನಿದ್ದಿನೂ ಬರೂದಿಲ್ಲ. ಆ ದನಿ ಹಿಡದು ಬಾ," ಎಂದವರೇ ಶುರುಮಾಡಿಬಿಟ್ಟರು. "ಹದಿಮೂರೊಂದ್ಲೆ ಹದಿಮೂರು. ಹದಿಮೂರೆರಡ್ಲೆ ಇಪ್ಪತ್ತಾರು."

ಆ ದನಿಗೆ ಬೆನ್ನು ಮಾಡಿ ನಡೆದೆ. ಓಡಲು ಹೋಗಿ ಜಾರಿ ಬಿದ್ದೆ, ಎದ್ದೆ. ಹಿಂದೆ ಹದಿನಾಲ್ಕರ ಮಗ್ಗಿ ಸಣ್ಣದಾಗುತ್ತ ಹೋಯಿತು. ಕೊನೆಗೆ ನನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಉಳಿಯಲಿಲ್ಲ. ಎಡಕ್ಕೋ ಬಲಕ್ಕೋ ಗೊತ್ತಿರಲಿಲ್ಲ. ಒಂದೇ ಮರವನ್ನು ಮತ್ತೆ ಮತ್ತೆ ದಾಟುತ್ತಿದ್ದೇನೆ ಅನ್ನಿಸಿತು. ಈ ಸಲವೂ ಎದೆ ಹೊಡೆದುಕೊಳ್ಳುತ್ತಿತ್ತು, ಬೆರಳಿಗೆ ಜೋಮು ಹಿಡಿದಿತ್ತು. ಆದರೆ ಕೂರುವ ಹಾಗಿರಲಿಲ್ಲ. ಕೂತರೆ ಆಂಟಿ ಸಾಯುತ್ತಾರೆ ಎಂಬ ಒಂದೇ ಮಾತು ತಲೆಯಲ್ಲಿತ್ತು.

ಎಲ್ಲೋ ಒಂದು ಕಾರು ಹೋದ ಸದ್ದು ಕೇಳಿಸಿತು. ಆ ಕಡೆಗೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಬೇಲಿ ಸಿಕ್ಕಿತು, ಬೇಲಿ ಹಿಡಿದು ಹೋದರೆ ಒಂದು ಗೇಟು, ಅದರಾಚೆ ಹಳದಿ ದೀಪದ ಕಿಟಕಿ. ಕೋಟಿಲ್ಲದೆ, ಮೈಯೆಲ್ಲ ಕೆಸರಾಗಿ ಬಾಗಿಲು ಬಡಿದೆ. ಬಾಗಿಲು ತುಸುವೇ ತೆರೆದ ಬಿಳಿಯ ಮುದುಕರು ಒಳಗಿನ ಸರಪಳಿ ತೆಗೆಯಲಿಲ್ಲ. ಸಂದಿಯಿಂದ ಅವರ ಒಂದು ಕಣ್ಣಷ್ಟೇ ಕಾಣುತ್ತಿತ್ತು. ಆ ಕಣ್ಣಿನಲ್ಲಿ ಹೆದರಿಕೆ ಇತ್ತು. ಹೆದರಿದ್ದು ನನಗೆ ಎಂದು ಅರ್ಥವಾದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು, ಕೈ ಎರಡೂ ಕಾಣುವಂತೆ ಹಿಡಿದು, ನಡೆದದ್ದನ್ನು ನಿಧಾನವಾಗಿ ಹೇಳಿದೆ. ಬಾಗಿಲು ಮುಚ್ಚಿತು. ಮುಗಿಯಿತು ಅಂದುಕೊಂಡೆ. ಆಮೇಲೆ ಸರಪಳಿ ಕಳಚಿದ ಸದ್ದಾಯಿತು.

ಅವರ ಹೆಂಡತಿ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬಂದರೆ ದಾರಿ ತೋರಿಸಲು ಗೇಟಿನ ಬಳಿ ನಿಂತರು. ಮುದುಕರು ಎರಡು ಕಂಬಳಿ, ಒಂದು ದೊಡ್ಡ ಟಾರ್ಚು ತೆಗೆದುಕೊಂಡು ನನ್ನ ಜೊತೆ ಹೊರಟರು. ಟಾರ್ಚಿನ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ಸು ಬರುತ್ತಿತ್ತು. ಅಲ್ಲಲ್ಲಿ ನಿಂತು ಕಿವಿಗೊಟ್ಟೆವು. ಏನೂ ಇಲ್ಲ. ಅವರು ನನ್ನ ಮುಖ ನೋಡಿದರು. ನಾನು "ಆಂಟೀ" ಎಂದು ಕೂಗಿದೆ. ಮಂಜು ಆ ಕೂಗನ್ನು ನುಂಗಿಕೊಂಡಿತು. ಆದರೂ ಮುಂದಕ್ಕೆ ಹೆಜ್ಜೆ ಹಾಕುತ್ತಲೇ ಹೋದೆ. ಅಲ್ಲಿ ಹೋಗಿ ಏನು ನೋಡಬೇಕಾಗುತ್ತದೋ ಎಂಬ ಭಯ.

ಮತ್ತೊಂದಷ್ಟು ನಡೆದ ಮೇಲೆ, ಬಾವಿಯೊಳಗಿಂದ ಬಂದಂತೆ ತೀರಾ ಸಣ್ಣಗೆ ಕೇಳಿಸಿತು. "ಹದಿನೇಳಾರ್ಲೆ... ನೂರಾ ಎರಡು." ಆಮೇಲೆ ಉದ್ದನೆಯ ಮೌನ. "ಹದಿನೇಳೇಳ್ಲೆ..."

"ನೂರಾ ಹತ್ತೊಂಬತ್ತು," ಎಂದು ನಾನು ಕಿರುಚಿದೆ.

ಎಂಟಕ್ಕೆ ಅವರು, ಒಂಬತ್ತಕ್ಕೆ ನಾನು. ಹೀಗೆ ಹೇಳಿಕೊಳ್ಳುತ್ತಲೇ ಅವರನ್ನು ತಲುಪಿದೆವು. ಆಂಟಿಯ ಕೈ ಮಂಜುಗಡ್ಡೆಯಾಗಿತ್ತು. "ಹದಿನಾರು ಮರತು ಹೋಗಿತ್ತು," ಎಂದರು ನನ್ನನ್ನು ನೋಡಿ. "ಅದಕ್ಕ ಸುಮ್ನಾಗಿದ್ದೆ. ಭಾಳ ಅಂಜಿಕಿ ಬಂತು ತಂಗಿ." ಅವರು ಅಂಜುತ್ತಾರೆಂದು ನಾನು ಆವರೆಗೆ ಯೋಚಿಸಿರಲೇ ಇಲ್ಲ. ಮುದುಕರು ಏನೂ ಅರ್ಥವಾಗದೆ ಕಂಬಳಿ ಹೊದಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಕಾಲಿಗೆ ಶಸ್ತ್ರಕ್ರಿಯೆ ಆಯಿತು. ಬೇರೆ ಊರಿನಿಂದ ಓಡಿ ಬಂದ ಅವರ ಮಗ, ಈ ವಯಸ್ಸಿನವರನ್ನು ಫೋನಿಲ್ಲದೆ ಕಾಡಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ. "ಆಕಿ ಅಲ್ಲ, ನಾನ ಕರಕೊಂಡು ಹೋಗಿದ್ದೆ," ಎಂದರು ಆಂಟಿ ಹಾಸಿಗೆಯಿಂದ. ಆದರೂ ಅವನ ಸಿಟ್ಟು ನ್ಯಾಯವಾದದ್ದೇ ಅನ್ನಿಸಿತು.

ಜನವರಿಯೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ ಕೆಳಗೆ ಇಳಿಯುತ್ತಿದ್ದೆ. ಆಂಟಿ ಕಾಲು ಮೇಲಿಟ್ಟುಕೊಂಡು ಕೂತು ಹೇಳಿಕೊಡುವರು, ನಾನು ಜೋಳದ ರೊಟ್ಟಿ ತಟ್ಟುವೆ. ನನ್ನವು ಅಂಚಿನಲ್ಲಿ ಒಡೆಯುತ್ತಿದ್ದವು. ಒಂದು ದಿನ ಶಾಲೆಗೆ ರಜೆ ಇದ್ದುದರಿಂದ ಮಗಳೂ ಬಂದಳು. "ಕ್ಯಾನ್ ಐ ಟ್ರೈ?" ಎಂದು ಹಿಟ್ಟಿಗೆ ಕೈ ಹಾಕಿದಳು. ಫೋನು ಈಗ ನನ್ನ ಜೇಬಿನಲ್ಲೇ ಇರುತ್ತದೆ, ಸದ್ದು ಆರಿಸಿಕೊಂಡು.

ಭಯ ಹೋಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೂ ಒಮ್ಮೆ ಅಂಗಡಿಯಲ್ಲಿ ಕ್ಯೂ ನಿಂತಾಗ ಉಸಿರು ಸಿಕ್ಕಿಕೊಂಡಿತು. ಬುಟ್ಟಿ ಕೆಳಗಿಟ್ಟು, ಗೋಡೆಗೆ ಒರಗಿ ನಿಂತು, ಅದು ಇಳಿಯುವವರೆಗೆ ಕಾದು, ಮತ್ತೆ ಬುಟ್ಟಿ ಎತ್ತಿಕೊಂಡೆ.

ಮಾರ್ಚಿನಲ್ಲಿ ಆಂಟಿ ಕೋಲೂರಿಕೊಂಡು ನಡೆಯತೊಡಗಿದ ಮೇಲೆ ಮಗಳನ್ನೂ ಸೇರಿಸಿಕೊಂಡು ನಾವು ಮೂವರೂ ಸ್ಟ್ಯಾನ್ಮೋರಿಗೆ ಹೋದೆವು. ಮುದುಕರ ಮನೆಗೆ ಸಿಹಿ ಕೊಟ್ಟು ಬರುವುದಿತ್ತು. ಕೊಟ್ಟು ಹೊರಬಂದಾಗ ಮಗಳಿಗೆ ಆಂಟಿ ಬಿದ್ದ ಜಾಗ ನೋಡಬೇಕಂತೆ. ಕಾಡಿನ ಅಂಚಿನವರೆಗೆ ಹೋಗಿ ನಿಂತೆವು. ಒಳ್ಳೆಯ ಬಿಸಿಲಿತ್ತು, ದಾರಿ ಬಹಳ ದೂರದವರೆಗೆ ಕಾಣುತ್ತಿತ್ತು. ಆಂಟಿ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಇಬ್ಬರೂ ಹೆಜ್ಜೆ ಮುಂದಿಡಲಿಲ್ಲ.

"ಬಸ್ಸಿಗೆ ಹೊತ್ತಾತು," ಎಂದರು ಆಂಟಿ. ನಾನು ಮಗಳ ಕೈ ಹಿಡಿದುಕೊಂಡೆ. ನಿಲ್ದಾಣದವರೆಗೂ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.