ಕೊಡದ ಮುಡಿ

ಕೂದಲೆಲ್ಲ ಉದುರಿದ ಮೇಲೆ ಅಕ್ಕನ ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹಿಡಿಯೋಣವೆಂದರೆ ಬಾಯಿ ತುಂಬ ಹುಣ್ಣು. ಪಕ್ಕದಲ್ಲಿ ಕೂತು ಆ ಸೆರಗು ಸರಿಮಾಡುವಷ್ಟೂ ನಾನು ಮಾಡಲಿಲ್ಲ. ಮಾಡಿದ್ದು ಬೇರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಕನ ಕುತ್ತಿಗೆಯಲ್ಲಿ ಗಂಟುಗಳೆದ್ದಿದ್ದವು. ಹುಬ್ಬಳ್ಳಿಯ ಡಾಕ್ಟರು ಲಿಂಫೋಮಾ, ಅದೊಂದು ಬಗೆಯ ಕ್ಯಾನ್ಸರ್ ಎಂದರು. ಅದನ್ನು ಕೇಳಿದ್ದೇ ಅವಳ ಗಂಡ ಅವಳನ್ನು ಯಲಬುರ್ಗಾದ ನಮ್ಮ ಮನೆಗೆ ಬಿಟ್ಟುಹೋದ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ತಿಳಿದದ್ದು ಇಷ್ಟೇ: ಗಂಟು ಕರಗಲು ಇಂಜೆಕ್ಷನ್ ಬೇಕು, ಇಂಜೆಕ್ಷನ್ ಹಾಕಿಸಿದರೆ ವಾಂತಿ.

ಹುಬ್ಬಳ್ಳಿಯಿಂದ ಬರುವಾಗ ಅವಳು ನಿಂಬೆಹಣ್ಣು ಮೂಗಿಗೆ ಹಿಡಿದು ಕೂರುತ್ತಿದ್ದಳು. ತಡೆಯಲಾಗದಿದ್ದಾಗ, “ಕಂಡಕ್ಟರಣ್ಣಾ, ಸ್ವಲ್ಪ ನಿಲ್ಲಸ್ರಿ. ನಾ ಊರಿಗೆ ಬರ್ತೀನಿ, ನನ್ನ ಊಟ ಇಲ್ಲೇ ಇಳೀತೈತಂತ!” ಎನ್ನುವಳು. ಬಸ್ಸಿನವರೆಲ್ಲ ನಗುತ್ತಿದ್ದರು. ನಾನು ಅವಳ ಜೊತೆಗಿಲ್ಲದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆಗ ನನಗೆ ಗಂಡು ಹುಡುಕುತ್ತಿದ್ದರು. ಮನೆಯಲ್ಲಿ ಇಂಥ ರೋಗವಿದೆಯೆಂದರೆ ಯಾರು ಬಂದಾರು? ಓಣಿಯವರು ಅಕ್ಕನ ತಲೆ ನೋಡಿ ಕೇಳತೊಡಗಿದಾಗ, ಹುಲಿಗೆಮ್ಮನಿಗೆ ಮುಡಿ ಕೊಟ್ಟಿದ್ದಾಳೆ ಎಂದು ನಾನೇ ಹೇಳಿಬಿಟ್ಟೆ. ಬಾವಿಯ ಹತ್ತಿರ ಒಬ್ಬ ಮುದುಕಿ ಅವಳನ್ನೇ ಕೇಳಿದಳು: “ಅಷ್ಟುದ್ದ ಕೂದ್ಲ ಕೊಟ್ಟೀಯಲ್ಲವಾ, ಅಂಥಾದ್ದೇನ್ ಬೇಡ್ಕೊಂಡಿದ್ದಿ?”

ಅಕ್ಕ ನನ್ನ ಕಡೆ ನೋಡಿದಳು. “ಈಕಿಗೆ ಛಲೋ ಗಂಡ ಸಿಗ್ಲಿ ಅಂತ, ಆಯಿ. ಮೂಗಿನ ತುದೀಗೆ ಸಿಟ್ಟು ಈಕಿಗೆ. ಸಣ್ಣ ಹರಕಿ ಸಾಲಂಗಿಲ್ಲ!”

ಕುಷ್ಟಗಿಯಿಂದ ಗಂಡಿನವರು ಬರುವುದು ಗೊತ್ತಾಯಿತು. ಅದರ ಹಿಂದಿನ ದಿನವೇ ಅವಳ ಇಂಜೆಕ್ಷನ್.

“ಅಕ್ಕಾ, ಈ ಸಲದ್ದು ಬಿಟ್ಬಿಡು. ಅವರು ಬಂದಾಗ ನೀ ವಾಂತಿ ಮಾಡ್ಕೋಂತ ಕುಂತ್ರ ನನ್ನ ಗತಿ ಏನು?”

ಅವಳು ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಆತ್ ಬಿಡವಾ. ಬಾಯಿಗೆ ರೊಟ್ಟಿ ರುಚಿಯಾರ ಹತ್ತತೈತಿ.”

ಗಂಡಿನವರು ಎದ್ದುಹೋಗುವ ತನಕ ಅವಳು ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಒಮ್ಮೆಯೂ ಕೆಮ್ಮಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಮುಂದಿನ ಇಂಜೆಕ್ಷನ್ನೂ ತಪ್ಪಿತು. ಗಂಟುಗಳು ಮತ್ತೆ ಎದ್ದವು. “ಯಾಕೆ ಬಿಟ್ಟಿರಿ?” ಎಂದು ಡಾಕ್ಟರು ಗದರಿದಾಗ ನಾನು ಅಲ್ಲೇ ಇದ್ದೆ. ಅಕ್ಕನೇ ಅಂದಳು: “ನನಗ ಸಾಕಾಗಿತ್ರಿ.”

ಅವಳ ಕೊನೆಯ ದಿನಗಳಲ್ಲಿ ಕುಷ್ಟಗಿಯಿಂದ ನನ್ನ ಅತ್ತೆಯೂ ನೋಡಲು ಬಂದರು. ಅವಳ ಕೈ ಹಿಡಿದು, “ಮುಡಿ ಕೊಟ್ಟಾಕಿಗೆ ಆ ತಾಯಿ ಹಿಂಗ್ಯಾಕ ಮಾಡಿದ್ಲು?” ಎಂದು ಅತ್ತರು. ಅಕ್ಕ ಸುಮ್ಮನಿರು ಎಂದು ನನಗೆ ಕಣ್ಣಲ್ಲೇ ಹೇಳಿದಳು.

“ಮುಡಿ ಕೊಟ್ಟಿಲ್ರಿ ಅತ್ತಿ,” ಎಂದೆ. “ಕ್ಯಾನ್ಸರಿನ ಇಂಜೆಕ್ಷನ್‌ಗೆ ಉದುರಿದ್ದು. ಆ ಇಂಜೆಕ್ಷನ್ನ ನಾನೇ ಬಿಡಿಸಿದೆ.”

ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಾನು ಅಕ್ಕನ ಹಾಸಿಗೆಯ ಪಕ್ಕ ಕೂತು, ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದೆ: “ನೀ ಬದುಕೋದಕ್ಕಿಂತ ನನಗ ನನ್ನ ಲಗ್ನ ದೊಡ್ಡದಾತು. ತಪ್ಪಾತಕ್ಕಾ.”