ಕಪ್ಪು ವಿಭೂತಿ

ಮಾಸ್ತರರ ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿರುತ್ತಿತ್ತು. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ತಾಸುಗಟ್ಟಲೆ ತಮ್ಮ ಪ್ರಯೋಗದ ಡಬ್ಬಿಯ ಮುಂದೆ ಕೂಡುತ್ತಿದ್ದರು. ಬೆವರಿಗೆ ಬಟ್ಟೆಯ ಬಣ್ಣ ಹಣೆಗೆ ಇಳಿಯುತ್ತಿತ್ತು. "ಏನ್ರೀ ಮಾಸ್ತರ, ಇದ್ದಲಿ ಹಚ್ಚಿಗೊಂಡು ಪೂಜಾ ಮಾಡ್ತೀರೇನು?" ಎಂದು ಬನಹಟ್ಟಿಯ ನಮ್ಮ ಓಣಿಯವರು ನಗುತ್ತಿದ್ದರು.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅಜ್ಜನ ಕಾಲದ ಕೈಮಗ್ಗದ ಕುಣಿ, ನೇಕಾರ ಕಾಲಿಳಿಸಿ ಕೂಡುವ ತಗ್ಗು, ಮನೆಯಲ್ಲಿ ಹಾಗೇ ಇತ್ತು. ಕತ್ತಲೂ ತಂಪೂ ಇರುವ ಜಾಗ ಎಂದು ಡಬ್ಬಿಯನ್ನು ಅದರೊಳಗೇ ಇಟ್ಟಿದ್ದರು. ನಾನು ಏಳನೆಯ ತರಗತಿಗೇ ಸಾಲೆ ಬಿಟ್ಟು ಪವರ್‌ಲೂಮ್ ರಿಪೇರಿ ಕಲಿತವನು. ಯಾರ ಮಗ್ಗ ನಿಂತರೂ ನನಗೇ ಹೇಳಿಕಳಿಸುತ್ತಿದ್ದರು. ಆ ಡಬ್ಬಿಯ ತಗಡು, ಮುಚ್ಚಳ, ತಿರುಪು ಎಲ್ಲ ನನ್ನ ಕೈಯವೇ.

"ಇದರಾಗ ಏನ್ ನೋಡ್ತೀರಿ?" ಎಂದು ಒಮ್ಮೆ ಕೇಳಿದೆ.

"ಮಿಸ್ತ್ರಿ, ನಿನ್ನ ಲಾಳಿ ಈ ಕಡಿಂದ ಆ ಕಡೆ ಹೋಗೂದ್ರಾಗ ಕೋಟಿ ಸಲ ಹುಟ್ಟಿ ಸಾಯೂವಂಥ ಬೆಳಕು ಐತಿ. ಅದು ಎಷ್ಟೊತ್ತು ಬದುಕತೈತಿ ಅಂತ ಅಳೀಬೇಕು. ಅಷ್ಟು ಸಣ್ಣ ಹೊತ್ತಿನ್ಯಾಗ ಸಿಗೂ ಬೆಳಕರೆ ಎಷ್ಟು? ಅದಕ್ಕ ಇದರ ಕಣ್ಣು ಇನ್ನಾ ಚುರುಕು ಮಾಡಾಕತ್ತೇನಿ."

ಆ ಕಣ್ಣೆಂದರೆ ಹೆಬ್ಬೆರಳಿನಷ್ಟು ದಪ್ಪದ ಗಾಜಿನ ನಳಿಗೆ. ಹಳೆಯ ಶಿಷ್ಯನೊಬ್ಬ ಎಲ್ಲಿಂದಲೋ ಕೊಡಿಸಿದ್ದ, ಮತ್ತೊಂದು ಸಿಗುವಂತಿರಲಿಲ್ಲ. ಬಿಸಿಯಾದರೆ ಅದಕ್ಕೆ ಇಲ್ಲದ ಬೆಳಕು ಕಾಣುತ್ತದೆಂದು ಸುತ್ತ ಹಸಿ ಗೋಣಿಚೀಲ ಹೊದಿಸುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಕೊನೆಗೊಂದು ದಿನ ಡಬ್ಬಿಗೆ ಜೋಡಿಸಿದ ಪರದೆಯ ಮೇಲೆ ಆ ಬೆಳಕಿನ ಕೂದಲೆಳೆಯಂಥ ಗೆರೆ ಮೂಡಿತು. ಇನ್ನು ಅಳೆಯುವುದಷ್ಟೇ ಬಾಕಿ. ಕಣ್ಣು ಸ್ಥಿರವಾಗಲೆಂದು ಕರೆಂಟ್ ಆರಿಸದೆ ಬಿಟ್ಟರು. "ಕರೆಂಟ್ ಇದ್ದಾಗ ಮುಚ್ಚಳ ತಗೀಬ್ಯಾಡಪಾ, ಹೊರಗಿನ ಬೆಳಕು ಬಿದ್ರ ಕಣ್ಣು ಸುಟ್ಟು ಹೋಗತೈತಿ" ಎಂದು ನನಗೆ ಎರಡು ಸಲ ಹೇಳಿದರು.

ನವರಾತ್ರಿಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ಮಾಸ್ತರರು ಮನೆಯ ಕೀಲಿ ನನ್ನ ಕೈಗೆ ಕೊಟ್ಟು ಹೆಂಡತಿಯೊಂದಿಗೆ ಜಮಖಂಡಿಗೆ ಹೋಗಿದ್ದರು. ಓಣಿಯ ಮಗ್ಗಗಳಿಗೆಲ್ಲ ಆರತಿ ಬೆಳಗಿದವನಿಗೆ, ನಾನು ಮಾಡಿದ ಡಬ್ಬಿಯೊಂದೇ ಪೂಜೆಯಿಲ್ಲದೆ ಉಳಿಯಿತಲ್ಲ ಎನಿಸಿತು. ಕುಣಿಗೆ ಇಳಿದೆ. ಅವರ ಮಾತು ನೆನಪಿತ್ತು. ಒಂದು ದೀಪಕ್ಕೆ ಏನಾದೀತು, ಯಂತ್ರ ನನಗೆ ಗೊತ್ತಿಲ್ಲವೇ ಎಂದುಕೊಂಡು ಮುಚ್ಚಳ ತೆಗೆದೆ. ಅದರ ಒಳಮೈಗೆ ಕುಂಕುಮವಿಟ್ಟು ಆರತಿ ಬೆಳಗಿದೆ.

ಮರುದಿನ ಪರದೆಯ ತುಂಬ ಬರೀ ಬಿಳಿ ಗದ್ದಲ. ಗೆರೆ ಇಲ್ಲ.

"ಮಿಸ್ತ್ರಿ, ಯಾರರೆ ಬಂದಿದ್ರೇನು?"

"ಇಲ್ರೀ. ಕರೆಂಟ್ ಜಿಗದಾಡಿರಬೇಕು."

ಅವರು ಕರೆಂಟ್ ಆರಿಸಿದರು. "ಹಂಗ ಇರಬೇಕು ಬಿಡು. ಚಾ ಕುಡದು ಹೋಗು."

ಆಮೇಲೆ ಅವರ ವಿಭೂತಿ ಕಪ್ಪಾಗಲಿಲ್ಲ. ನಾಲ್ಕು ವರ್ಷದ ನಂತರ ತೀರಿಕೊಂಡಾಗ, ಅವರನ್ನು ಮಣ್ಣಿಗೆ ಕೂಡಿಸುವಾಗಲೂ ಹಣೆ ಬೆಳ್ಳಗಿತ್ತು.

ಡಬ್ಬಿಯನ್ನು ಅವರ ಹೆಂಡತಿ ನನಗೆ ಕೊಟ್ಟರು. "ಮಿಸ್ತ್ರಿಗೇ ಕೊಡು ಅಂದಿದ್ರಪಾ. ವಾರಕ್ಕೊಮ್ಮಿ ತಾವೇ ಒರಸತಿದ್ರು." ಮನೆಗೆ ತಂದು ಮುಚ್ಚಳ ತೆಗೆದೆ. ಮೂಲೆಯಲ್ಲೂ ಧೂಳಿರಲಿಲ್ಲ. ಮುಚ್ಚಳದ ಒಳಗೆ ನಾನಿಟ್ಟ ಕುಂಕುಮ ಹಾಗೇ ಇತ್ತು. ಅದನ್ನು ಅವರು ಒರೆಸಿರಲಿಲ್ಲ.