ಊಟದ ಮೇಜಿನ ಪೊದೆ

ಆ ಮನೆಯ ಊಟದ ಮೇಜು ಮಾಡಿದವರು ಇಬ್ಬರು ಸೊಸೆಯರ ಮಾವನವರು. ವೃತ್ತಿಯಲ್ಲಿ ಬಡಗಿ. ಕೆತ್ತನೆಯಲ್ಲಿ ಎತ್ತಿದ ಕೈ, ಅಳತೆಯಲ್ಲಿ ಮಾತ್ರ ದೇವರೇ ಗತಿ. ಮೇಜನ್ನು ಕೋಣೆಯೊಳಗೇ ಕೂಡಿಸಿ, ಮೊಳೆ ಹೊಡೆದು, ಪಾಲಿಶ್ ಹಚ್ಚಿ ಮುಗಿಸಿದ ಮೇಲೆ ಅದು ಬಾಗಿಲಿಗಿಂತ ದೊಡ್ಡದು ಎಂದು ಗೊತ್ತಾಯಿತು. ಮೇಜು ಕೋಣೆಯಲ್ಲೇ ಉಳಿಯಿತು, ಸ್ವಲ್ಪ ಕಾಲದ ಮೇಲೆ ಮಾವನವರು ಲೋಕದಿಂದಲೇ ಹೊರಟುಹೋದರು. ಮನೆಯಲ್ಲಿ ಒಲೆ ಒಂದೇ, ಬೇರೆ ಕೋಣೆಗಳಲ್ಲಿ ತಟ್ಟೆ ಇಡಲೂ ಜಾಗವಿಲ್ಲ. ಹಾಗಾಗಿ ಅವರ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟ ಮೇಲೂ ದಿನಾ ಅದೇ ಮೇಜಿಗೆ ಎದುರುಬದುರು ಕೂತು ಉಣ್ಣಬೇಕಾಯಿತು.

ಮಾತು ಬಿಟ್ಟ ಕಾರಣ ಕೇಳಿದರೆ ನಗು ಬರುತ್ತದೆ. ದೊಡ್ಡವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಚಿಕ್ಕವನು ಗೂಡಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುವವನು. ಇವನು ಅಣ್ಣನ ಹತ್ತಿರವೇ ಕಾರು ಕಲಿತು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದ. ಕೊನೆಯ ಸಲ ಕಾರನ್ನು ಹಿಂದಕ್ಕೆ ತೆಗೆ ಎಂದರೆ ಮುಂದಕ್ಕೆ ಬಿಟ್ಟು ಪರೀಕ್ಷಾಧಿಕಾರಿಯ ಕುರ್ಚಿಯನ್ನೇ ಉರುಳಿಸಿದ. ಪುಣ್ಯಕ್ಕೆ ಅಧಿಕಾರಿ ಟೀ ಕುಡಿಯಲು ಎದ್ದುಹೋಗಿದ್ದರು. ಕಾರಿನಿಂದ ಇಳಿದವನು, ಕಲಿಸುವವರು ಸರಿಯಿದ್ದರೆ ಹೀಗೆ ಆಗುತ್ತಿತ್ತೇ ಎಂದು ಅಣ್ಣನ ಹೊಸ ವಿದ್ಯಾರ್ಥಿಗಳೆಲ್ಲರ ಎದುರಿಗೆ ಅಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಣ್ಣ ಅಲ್ಲೇ ತಿರುಗಿಸಿ ಕೊಟ್ಟ. ಇಷ್ಟೇ ಕಥೆ. ಒಂದು ಕುರ್ಚಿ ಉರುಳಿದ್ದಕ್ಕೆ ನಾಲ್ಕು ವರ್ಷದ ಮುನಿಸು.

ಇಬ್ಬರ ನಡುವೆ ಸಿಕ್ಕಿಕೊಂಡವಳು ದೊಡ್ಡವನ ಹೆಂಡತಿ, ಬೀದಿಯವರ ಬಾಯಲ್ಲಿ ಹುಲ್ಲಕ್ಕ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಾಳೆ. ಮುನಿಸಿನ ಮೊದಲ ದಿನಗಳಲ್ಲಿ ಅಣ್ಣತಮ್ಮಂದಿರು ಮೇಜಿನ ಎರಡು ಕಡೆಯಿಂದ ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡುತ್ತಿದ್ದರು. ಒಬ್ಬ ಲೋಟ ಕುಕ್ಕಿದರೆ ಇನ್ನೊಬ್ಬ ತಟ್ಟೆ ಕುಕ್ಕುತ್ತಿದ್ದ. ಚೆಲ್ಲಿದ್ದನ್ನು ಒರೆಸುವುದು ಅವಳ ಪಾಲಿಗೆ. ಒಂದು ಸಂಜೆ ರೈಲುಹಳಿಯ ಬೇಲಿಪಕ್ಕ ಬರುವಾಗ ಉದ್ದನೆಯ ಹುಲ್ಲುತೆನೆ ಚೆನ್ನಾಗಿ ಕಂಡಿತೆಂದು ಒಂದು ತೆಕ್ಕೆ ಕಿತ್ತು ತಂದಳು. ಇಡಲು ಬೇರೇನೂ ಸಿಗದೆ ತುಕ್ಕು ಹಿಡಿದ ಬಕೆಟ್ಟಿಗೆ ತುರುಕಿ ಮೇಜಿನ ನಡುವೆ ಇಟ್ಟಳು. ಆ ದಿನ ಅಣ್ಣನಿಗೆ ತಮ್ಮ ಕಾಣಲಿಲ್ಲ, ತಮ್ಮನಿಗೆ ಅಣ್ಣ ಕಾಣಲಿಲ್ಲ. ಇಬ್ಬರೂ ಎರಡನೇ ಸಲ ಬಡಿಸಿಕೊಂಡು ಉಂಡರು.

ಅಲ್ಲಿಂದ ಅದೇ ಅವಳ ಹುಚ್ಚಾಯಿತು. ಬಕೆಟ್ಟಿನೊಳಗೆ ಕೋಳಿಗೂಡಿನ ತಂತಿಬಲೆಯನ್ನು ಮುದುರಿ ಇಟ್ಟರೆ ಕಡ್ಡಿಗಳು ಅಲುಗದೆ ನಿಲ್ಲುತ್ತವೆ, ನೀರಿಗೆ ತಾಗುವ ಎಲೆ ಸವರದಿದ್ದರೆ ಎರಡೇ ದಿನಕ್ಕೆ ನಾತ ಹೊಡೆಯುತ್ತದೆ, ಇದೆಲ್ಲ ಮಾಡಿ ಮಾಡಿಯೇ ಕಲಿತಳು. ನಡುವೆ ಹುಲ್ಲುತೆನೆ, ಸುತ್ತ ಒಣಗಿದ ಬೀಜದ ಕಾಯಿ, ಅಂಚಿಗೆ ಬೇಲಿಯ ಹಳದಿ ಹೂ, ಬಕೆಟ್ಟಿನ ಸೊಂಟಕ್ಕೆ ಗೋಣಿದಾರ. ಮೇಜಿನ ಹೂವು ಕೂತವರ ಗದ್ದಕ್ಕಿಂತ ಕೆಳಗಿರಬೇಕು ಎಂಬುದು ಹೂ ಜೋಡಿಸುವವರ ನಿಯಮ. ಅದು ಅವಳಿಗೂ ಗೊತ್ತಿತ್ತು. ಅವಳ ಲೆಕ್ಕವೇ ಬೇರೆ: ಗಂಡ ಕೂತಾಗ ನೆತ್ತಿ ಎಲ್ಲಿಗೆ ಬರುತ್ತದೋ ಅಲ್ಲಿಗೆ, ಅದರ ಮೇಲೆ ನಾಲ್ಕು ಬೆರಳು. ಯಾಕೆಂದರೆ ಆ ಪುಣ್ಯಾತ್ಮನಿಗೆ ಕತ್ತು ಎತ್ತಿ ಇಣುಕುವ ಚಟ.

ಬೀದಿಯವರು ಮೊದಮೊದಲು ಮನೆಯಲ್ಲಿ ದನ ಕಟ್ಟಿದ್ದೀರಾ ಎಂದು ಕೇಳಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ, ಇವಳಿಗೆ ಮಲ್ಲಿಗೆಯೂ ಅಲ್ಲ, ಹುಲ್ಲು ಎಂದು ನಕ್ಕರು. ಆಮೇಲೆ ಮೂಲೆಮನೆಯ ವಕೀಲರ ಹೆಂಡತಿ ಬಂದು ನೋಡಿ, ಏನು ಹಳ್ಳಿಯ ಸೊಗಡು ಎಂದು ಕಣ್ಣರಳಿಸಿದ್ದೇ ತಡ, ನಕ್ಕವರೆಲ್ಲ ನಮಗೂ ಒಂದು ಎಂದು ಸಾಲು ನಿಂತರು. ತುಕ್ಕು ಹಿಡಿದ ಬಕೆಟ್ಟಿಗೆ ಬರ ಬಂತು. ಒಬ್ಬಾಕೆ ಹೊಸ ಬಕೆಟ್ಟಿಗೆ ದಿನಾ ಉಪ್ಪುನೀರು ಬಳಿದು ತುಕ್ಕು ಬರಿಸಿದಳು. ವಕೀಲರ ಹೆಂಡತಿ ಮಾತ್ರ ತಮಗೆ ಇನ್ನೂ ಸ್ವಲ್ಪ ಎತ್ತರದ್ದು ಬೇಕು ಎಂದರು. ಹುಲ್ಲಕ್ಕ ಯಾಕೆಂದು ಕೇಳಲಿಲ್ಲ.

ಮನೆ ಒಡೆಯದೆ ನಿಂತಿರುವುದು ತನ್ನ ಪೊದೆಯಿಂದಲೇ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಮನೆಯ ಉಳಿದ ಕಡೆ ಅಣ್ಣತಮ್ಮಂದಿರು ತಾವೇ ನೋಡಿಕೊಳ್ಳುತ್ತಿದ್ದರು. ಎದುರು ಸಿಕ್ಕರೆ ಒಬ್ಬ ಗೋಡೆಯ ಗಡಿಯಾರ ನೋಡುತ್ತಿದ್ದ, ಇನ್ನೊಬ್ಬ ತನ್ನ ಚಪ್ಪಲಿ ನೋಡುತ್ತಿದ್ದ.

ಹೀಗಿರುವಾಗ ಒಂದು ದಿನ ಹಿತ್ತಲಲ್ಲಿ ಜೊತೆಗೆ ಕೂತು ಎಲೆ ಸವರುತ್ತಿದ್ದ ಓರಗಿತ್ತಿ, ಅಂದರೆ ಚಿಕ್ಕವನ ಹೆಂಡತಿ, ಬೇರೆ ಮನೆ ನೋಡಿದ್ದೇವೆ, ತಿಂಗಳ ಕೊನೆಗೆ ಹೊರಡುತ್ತೇವೆ ಎಂದಳು. ಹುಲ್ಲಕ್ಕನ ಕತ್ತರಿ ನಿಂತಿತು. ಅವಳಿಗೆ ಸ್ವಂತ ತಂಗಿ ಇಲ್ಲ. ಬೈದು, ಬೈಸಿಕೊಂಡು, ಮತ್ತೆ ಒಂದೇ ಲೋಟದ ಟೀ ಹಂಚಿಕೊಳ್ಳಲು ಇರುವವಳು ಇವಳೊಬ್ಬಳೇ. ಊಟದ ಹೊತ್ತಿಗೆ ಜಗಳವಾಗಬಾರದೆಂದು ನಾನು ಇಷ್ಟೆಲ್ಲ ಒದ್ದಾಡುತ್ತಿರುವಾಗ ನೀವು ಹೀಗೆ ಮಾಡುವುದೇ ಎಂದು ಕೇಳಿದಳು.

"ಜಗಳ ಇಲ್ಲ ಅಕ್ಕಾ, ನಿಜ. ಆದ್ರೆ ನಾಲ್ಕು ವರ್ಷದಿಂದ ನಾವು ಭಾವನ ಜೊತೆ ಊಟ ಮಾಡ್ತಾ ಇಲ್ಲ. ಪೊದೆಯಿಂದ ಒಂದು ಕೈ ಬರುತ್ತೆ, ಉಪ್ಪಿನ ಡಬ್ಬಿ ತಗೊಂಡು ಒಳಗೆ ಹೋಗುತ್ತೆ. ಪೊದೆ ಜೊತೆ ಎಷ್ಟು ದಿನ ಅಂತ ಸಂಸಾರ ಮಾಡೋದು?"

ಹುಲ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಊರೆಲ್ಲ ಹೊಗಳುತ್ತದೆ, ಇವಳಿಗೆ ಹಿತ್ತಲ ಗಿಡ ಮದ್ದಲ್ಲ ಎಂದು ಗೊಣಗುತ್ತಾ ಎದ್ದುಹೋದಳು. ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ಮರುದಿನ ಲಾಂಡ್ರಿಯಲ್ಲಿ ಯಾರದೋ ಅಂಗಿಯ ತೋಳು ಸುಟ್ಟಳು.

ಸಂಜೆ ಬಕೆಟ್ಟನ್ನು ಹಿತ್ತಲಿಗೆ ಸಾಗಿಸಿದಳು. ಮೇಜನ್ನು ಬರಿದು ಬಿಡಲು ಮನಸ್ಸು ಒಪ್ಪಲಿಲ್ಲ, ಹಾಗೆ ಬಿಟ್ಟರೆ ಓರಗಿತ್ತಿಗೆ ಸೋತಂತೆ. ಹಿಡಿ ಮುರಿದ ಅಗಲವಾದ ಬಾಣಲೆಯೊಂದನ್ನು ತೆಗೆದು, ಹೂವು, ತೆನೆಗಳ ಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ, ಅಂಗೈ ಎತ್ತರಕ್ಕಿಂತ ಮೇಲೇಳದಂತೆ ಜೋಡಿಸಿದಳು. ಅಷ್ಟು ಒಳ್ಳೆಯ ತೆನೆಗಳನ್ನು ಕತ್ತರಿಸುವಾಗ ಸಂಕಟವಾಯಿತು. ಅದಕ್ಕಿಂತ ಹೆಚ್ಚಿಗೆ ಹೆದರಿಕೆಯಾಯಿತು. ಇವತ್ತು ಮತ್ತೆ ಲೋಟ ಕುಕ್ಕಿದರೆ ಅವರು ತಿಂಗಳ ಕೊನೆಯವರೆಗೂ ಕಾಯುವುದಿಲ್ಲ, ಈಗಲೇ ಗಂಟುಮೂಟೆ ಕಟ್ಟುತ್ತಾರೆ.

ಅಣ್ಣತಮ್ಮಂದಿರು ಬಂದು ಅಭ್ಯಾಸಬಲದಿಂದ ಕೂತು, ಅಭ್ಯಾಸಬಲದಿಂದ ತಲೆ ಎತ್ತಿದರು. ಆಮೇಲೆ ತಗ್ಗಿಸಲು ಇಬ್ಬರಿಗೂ ಆಗಲಿಲ್ಲ. ಅಣ್ಣನ ನೆನಪಿನಲ್ಲಿದ್ದ ತಮ್ಮನಿಗೆ ತಲೆತುಂಬ ಕಪ್ಪು ಕೂದಲಿತ್ತು. ಎದುರಿಗಿದ್ದವನ ಕೆನ್ನೆ ಒಳಕ್ಕೆ ಹೋಗಿತ್ತು, ಕಿವಿಯ ಪಕ್ಕ ನರೆತಿತ್ತು. ತುತ್ತು ಎತ್ತಿದ ಕೈ ಬಾಯಿಯ ಹತ್ತಿರವೇ ನಿಂತಿತ್ತು, ಬಾಯಿ ಅರ್ಧ ತೆರೆದಿತ್ತು.

"ಮುಂದಿನ ಹಲ್ಲು ಎಲ್ಲೋ?" ಎಂದ ಅಣ್ಣ.

ತಮ್ಮ ತಟ್ಟನೆ ಎಡಗೈಯಿಂದ ಬಾಯಿ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದಲೇ, ಕೀವು ಕಟ್ಟಿತ್ತು, ಹೋದ ವರ್ಷ ತೆಗೆಸಿದೆ ಎಂದ.

ಚಿಕ್ಕಂದಿನಲ್ಲಿ ಈ ತಮ್ಮನಿಗೆ ಹಲ್ಲಿನ ಡಾಕ್ಟರೆಂದರೆ ಯಮ. ಒಮ್ಮೆ ಡಾಕ್ಟರ ಬೆರಳನ್ನೇ ಕಚ್ಚಿದ್ದ. ಆಮೇಲಿನಿಂದ ಅವನನ್ನು ಬೆನ್ನ ಮೇಲೆ ಹೊತ್ತು ಕರೆದೊಯ್ದು, ಪಕ್ಕದಲ್ಲಿ ಕೂತು, ಮುಗಿಯುವವರೆಗೂ ಕೈ ಹಿಡಿದುಕೊಳ್ಳುವುದು ಅಣ್ಣನ ಕೆಲಸವಾಗಿತ್ತು. ಮದುವೆಯಾದ ಮೇಲೂ ಆ ಕೆಲಸ ಬೇರೆ ಯಾರಿಗೂ ಸಿಕ್ಕಿರಲಿಲ್ಲ, ಹೆಂಡತಿಗೂ ಸಿಕ್ಕಿರಲಿಲ್ಲ.

"ಯಾರ ಜೊತೆ ಹೋಗಿದ್ದೆ?"

"ಒಬ್ನೇ."

ಹುಲ್ಲಕ್ಕನಿಗೆ ಹೋದ ವರ್ಷದ ಆ ವಾರ ನೆನಪಾಯಿತು. ಮೈದುನ ಅನ್ನವನ್ನು ನೀರಲ್ಲಿ ಕಿವುಚಿ ಉಣ್ಣುತ್ತಿದ್ದ. ಅವಳು ಕೆರೆದಂಡೆಯ ಜೊಂಡು ತಂದು ಅಲ್ಲಿಯವರೆಗಿನ ಅತಿ ದೊಡ್ಡ ಪೊದೆ ಕಟ್ಟಿ, ಮನೆಯಲ್ಲಿ ಎಷ್ಟು ಶಾಂತಿ ಎಂದು ಬೀಗುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು. ಅಳುವೂ ಬಂತು, ಓರಗಿತ್ತಿಯ ಎದುರಿಗೆ ಯಾಕೆಂದು ತಡೆದುಕೊಂಡಳು.

ಗಂಡ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕೆಟ್ಟಿತು ಕೆಲಸ ಎಂದು ಅವಳು ನೀರಿನ ಜಗ್ಗನ್ನು ಪಕ್ಕಕ್ಕೆ ಸರಿಸಿಕೊಂಡಳು. ಅವನು ಮೇಜನ್ನು ಸುತ್ತಿಕೊಂಡು ಬಂದು, ತಮ್ಮನ ಪಕ್ಕಕ್ಕೆ ಕುರ್ಚಿ ಎಳೆದು ಕೂತ.

"ಎಲ್ಲಿ, ಬಾಯಿ ತೆಗಿ ನೋಡೋಣ."

ನಲವತ್ತು ದಾಟಿದ ಆ ಗಂಡಸು ಕೈ ತೆಗೆದ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ, ಬಾಯಿ ತೆರೆದ.